ಥೈರಾಯ್ಡ್ ಮಾತ್ರೆ ನುಂಗುವವರು ಮೂಳೆ ಕಾಪಾಡಿಕೊಳ್ಳುವುದು ಹೇಗೆ?

‘ಥೈರಾಯ್ಡ್ ಮಾತ್ರೆ ತಗೊಂಡರೆ ಮೂಳೆ ಸವೆಯುತ್ತದಂತೆ’ ಎಂಬ ಮಾತು ಕೇಳಿ ಹೆದರಿ, ಮಾತ್ರೆಯನ್ನೇ ಬಿಟ್ಟುಬಿಡುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜ. ಇಲ್ಲಿ ಹೇಳುತ್ತಿರುವುದು ದೇಹಕ್ಕೆ ಸಾಲದ ಥೈರಾಯ್ಡ್ ಹಾರ್ಮೋನನ್ನು ತುಂಬಿಕೊಡುವ ಮಾತ್ರೆ (ಲೆವೊಥೈರಾಕ್ಸಿನ್) ಬಗ್ಗೆ. ಡೋಸ್ ಸರಿ ಇದ್ದರೆ ಮೂಳೆಗೆ ಭಯವಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಡೋಸ್ ವರ್ಷಗಟ್ಟಲೆ ಮುಂದುವರಿದರೆ ತೊಂದರೆ.

ಯಾಕೆ ಅಂದರೆ, ನಮ್ಮ ಮೂಳೆ ಸದಾ ರಿಪೇರಿಯಲ್ಲಿರುತ್ತದೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕೊರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಆ ಗುಂಡಿ ತುಂಬುತ್ತವೆ. ಒಂದು ಜಾಗದಲ್ಲಿ ಇದು ಮುಗಿಯಲು ಸುಮಾರು 6 ತಿಂಗಳು ಬೇಕು. ಥೈರಾಯ್ಡ್ ಹಾರ್ಮೋನ್ ತೀರಾ ಕಡಿಮೆಯಾದರೆ ಕೆಲಸ ಕುಂಟುತ್ತದೆ. ಹಳೆಯ ಮೂಳೆಯೇ ಉಳಿದುಕೊಳ್ಳುತ್ತದೆ. ಜಾಸ್ತಿಯಾದರೆ ಕೊರೆಯುವುದು ಓಡುತ್ತದೆ, ತುಂಬುವುದು ಹಿಂದೆ ಬೀಳುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಈ ನಷ್ಟ ಹೆಚ್ಚು.

1. ರಿಪೋರ್ಟ್ ಸರಿಯಾಗಿ ಓದಿ

ಟಿಎಸ್‌ಎಚ್ ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರಬೇಕು. ಇದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆದೇಶ. ಹಾರ್ಮೋನ್ ಸಾಲದಿದ್ದರೆ ಆದೇಶ ಜಾಸ್ತಿ, ಹೆಚ್ಚಾದರೆ ಕಡಿಮೆ. ಹಾಗಾಗಿ ಮಾತ್ರೆ ತಗೊಳ್ಳುವವರ ಟಿಎಸ್‌ಎಚ್ 0.05ಕ್ಕೆ ಇಳಿದಿದ್ದರೆ ‘ಅಬ್ಬಾ, ಕಡಿಮೆಯಾಯ್ತು’ ಎಂದು ಖುಷಿಪಡಬೇಡಿ. ಡೋಸ್ ಹೆಚ್ಚಾಗಿದೆ ಎಂಬುದರ ಸೂಚನೆ ಅದು. 0.1ಕ್ಕಿಂತ ಕೆಳಗೆ ಬಹಳ ಕಾಲ ಉಳಿದರೆ ಮೂಳೆಗೂ ಕೆಟ್ಟದ್ದು, ಹೃದಯದ ಬಡಿತಕ್ಕೂ ಕೆಟ್ಟದ್ದು.

ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಗೊಳ್ತೀರಾ? ಟೆಸ್ಟಿಗೆ 2 ದಿನ ಮೊದಲೇ ನಿಲ್ಲಿಸಿ. ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

2. ಮಾತ್ರೆ, ಕ್ಯಾಲ್ಸಿಯಂ ಒಟ್ಟಿಗೆ ಬೇಡ

ಎಡವಟ್ಟು ಜಾಸ್ತಿ ಆಗುವುದು ಇಲ್ಲೇ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ, ಅದರ ಹಿಂದೆಯೇ ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ, ಆಮೇಲೆ ಬಿಸಿ ಕಾಫಿ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಪೂರ್ತಿ ಹೋಗಲು ಬಿಡುವುದಿಲ್ಲ. ಟಿಎಸ್‌ಎಚ್ ಏರುತ್ತದೆ. ಡಾಕ್ಟರು ಡೋಸ್ ಏರಿಸುತ್ತಾರೆ. ಕೆಲ ತಿಂಗಳ ನಂತರ ಕ್ಯಾಲ್ಸಿಯಂ ಡಬ್ಬಿ ಖಾಲಿಯಾಗುತ್ತದೆ, ಹೊಸದು ತರಲು ಮರೆತುಹೋಗುತ್ತದೆ. ಈಗ ಏರಿಸಿದ ಡೋಸ್ ಪೂರ್ತಿ ರಕ್ತಕ್ಕೆ ಸೇರುತ್ತದೆ. ಮೂಳೆ ಉಳಿಸಲು ಹೊರಟದ್ದು ಮೂಳೆಗೇ ತಿರುಗಿಬಿತ್ತು, ಅಲ್ವಾ?

ಸರಿಯಾದ ಕ್ರಮ ಸುಲಭ. ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ಥೈರಾಯ್ಡ್ ಮಾತ್ರೆ. ಕಾಫಿ, ತಿಂಡಿ, ರಾಗಿ ಗಂಜಿ ಎಲ್ಲ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ಕನಿಷ್ಠ 4 ಗಂಟೆ ಅಂತರ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ ಇಟ್ಟುಕೊಂಡರೆ ತಲೆನೋವಿಲ್ಲ. ಬೆಳಗಿನ ಕಾಫಿಗೆ ಕಾಯಲಾರೆ ಅನ್ನುವವರು, ಡಾಕ್ಟರನ್ನು ಕೇಳಿ, ರಾತ್ರಿ ಊಟವಾಗಿ 3 ಗಂಟೆ ಬಿಟ್ಟು ಮಲಗುವ ಮುಂಚೆ ತಗೊಳ್ಳಬಹುದು.

3. ಹಳೇ ಚೀಟಿಯಲ್ಲೇ ವರ್ಷಗಟ್ಟಲೆ ಓಡಿಸಬೇಡಿ

ಡೋಸ್ ಬದಲಾದರೆ 6ರಿಂದ 8 ವಾರಕ್ಕೆ ಮತ್ತೆ ಟೆಸ್ಟ್. ಸ್ಥಿರವಾದ ಮೇಲೂ ವರ್ಷಕ್ಕೊಮ್ಮೆ ಬೇಕೇ ಬೇಕು. ತೂಕ ಚೆನ್ನಾಗಿ ಇಳಿದಿದ್ದರೆ, ವಯಸ್ಸಾಗಿದ್ದರೆ, ಬಾಣಂತನ ಆಗಿದ್ದರೆ ಮೊದಲಿನಷ್ಟು ಡೋಸ್ ಬೇಕಾಗದೇ ಇರಬಹುದು. ಸುಮ್ನೆ ಎದೆ ಡವಡವ, ಕೈ ನಡುಕ, ನಿದ್ದೆಗೇಡು ಶುರುವಾದರೆ ವರ್ಷ ತುಂಬಲಿ ಎಂದು ಕಾಯಬೇಡಿ.

4. ಊಟ, ನಡಿಗೆ

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅದಕ್ಕೆ ಮೊಸರು, ಎಳ್ಳು, ಸೊಪ್ಪು ಸೇರಲಿ. ವಿಟಮಿನ್ ಡಿ ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟೇ ತಗೊಳ್ಳಿ. ಬಿರುಸಾದ ನಡಿಗೆ, ಮೆಟ್ಟಿಲು ಹತ್ತುವುದು ಒಳ್ಳೆಯದು.

5. ಸ್ಕ್ಯಾನ್ ಯಾರಿಗೆ?

ಎಲ್ಲರಿಗೂ ಬೇಡ. ಮುಟ್ಟು ನಿಂತವರು, ಟಿಎಸ್‌ಎಚ್ ಬಹಳ ಕಾಲ ತೀರಾ ಕಡಿಮೆ ಇದ್ದವರು, ಸಣ್ಣ ಪೆಟ್ಟಿಗೇ ಮೂಳೆ ಮುರಿದವರು, ಸ್ಟೆರಾಯ್ಡ್ ತಗೊಳ್ಳುವವರು ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ. ಅದರಲ್ಲಿ ಬರುವ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ಅದಕ್ಕೆ ಬೇರೆ ಔಷಧಿಗಳಿವೆ.

ಥೈರಾಯ್ಡ್ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರ ಲೆಕ್ಕವೇ ಬೇರೆ. ಕಾಯಿಲೆ ಮರಳದಿರಲೆಂದು ಅವರಲ್ಲಿ ಕೆಲವರ ಟಿಎಸ್‌ಎಚ್ ಅನ್ನು ಡಾಕ್ಟರುಗಳು ಬೇಕೆಂದೇ ಕೆಳಗಿಟ್ಟಿರುತ್ತಾರೆ. ಅಂಥವರು ಈ ಲೇಖನ ಓದಿ ತಾವಾಗಿಯೇ ಡೋಸ್ ಇಳಿಸಬಾರದು. ಎಷ್ಟು ವರ್ಷ ಹೀಗೇ ಇಡಬೇಕು, ಮೂಳೆ ಸ್ಕ್ಯಾನ್ ಯಾವಾಗ ಎಂದು ಮುಂದಿನ ಭೇಟಿಯಲ್ಲಿ ಕೇಳಿ.