ಮೆಣಸು ಹಡಗು ಹತ್ತಿದ ಮೇಲೆ ಊರಲ್ಲಿ ಉಳಿದದ್ದೆಷ್ಟು?

ಶಿರಸಿ ಸೀಮೆಯ ಕಾಳುಮೆಣಸನ್ನು ಮಂಡಿಗೆ ಹಾಕದೆ ನಾವೇ ರಫ್ತು ಮಾಡುತ್ತೇವೆಂದು ಹೊರಟಾಗ, ಅಡಿಕೆ ಇರುವಾಗ ಈ ಉಸಾಬರಿ ಏಕೆಂದು ನಕ್ಕವರೇ ಹೆಚ್ಚು. ನಾಲ್ಕನೆಯ ವರ್ಷ ಹನ್ನೊಂದು ಮನೆಗಳ ಸುಮಾರು 1,800 ಕಿಲೋ ಮೆಣಸು ಯಾವ ತಕರಾರೂ ಇಲ್ಲದೆ ಜರ್ಮನಿಯ ಖರೀದಿದಾರರನ್ನು ಮುಟ್ಟಿತು. ನಕ್ಕವರಲ್ಲಿ ಇಬ್ಬರು ಈಗ ನಮ್ಮ ಗುಂಪಿನಲ್ಲಿದ್ದಾರೆ.

ಮೊದಲ ವರ್ಷದ್ದು ಪೂರ್ಣ ಸೋಲು. ಕೊಚ್ಚಿಗೆ ಹೋದ 400 ಕಿಲೋ ಮೆಣಸು, ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಕಂಡುಬಂದು ಹಿಂದಿರುಗಿತು. ಸಗಣಿ ಸಾರಿಸಿದ ಅಂಗಳದಲ್ಲೇ ತಲೆಮಾರುಗಳಿಂದ ಒಣಗಿಸುತ್ತ ಬಂದವರಿಗೆ, ಆ ಅಂಗಳವೇ ದೋಷವೆಂದು ಒಪ್ಪಿಕೊಳ್ಳುವುದು ಕಳೆದುಕೊಂಡ ಮೂವತ್ತೆಂಟು ಸಾವಿರ ರೂಪಾಯಿಗಿಂತಲೂ ಕಷ್ಟವಾಯಿತು. ಮರುವರ್ಷ ಟಾರ್ಪಾಲಿನ ಮೇಲೆ ಒಣಗಿಸಿದೆವು, ಕೊಯ್ದ ಮೆಣಸನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿದೆವು. ಆದರೆ ಒಣಗಿತೇ ಎಂಬುದನ್ನು ಹಲ್ಲಿಗಿಟ್ಟು ಕಡಿದೇ ನಿರ್ಧರಿಸಿದೆವು. ತೇವಾಂಶ ಹನ್ನೊಂದರ ಬದಲು ಹದಿಮೂರು ಪ್ರತಿಶತವಿದ್ದು, ಅರ್ಧದಷ್ಟು ಚೀಲಗಳಿಗೆ ಬೂಷ್ಟು ಹಿಡಿಯಿತು. ಆಮೇಲೆ ಮೀಟರು ಕೊಂಡೆವು.

ಮೂರನೆಯ ವರ್ಷ ತೂಕದ ತೊಡಕು. ಒಂದು ಲೀಟರ್ ಅಳತೆಯ ಮೆಣಸು 550 ಗ್ರಾಂ ತೂಗಬೇಕೆಂದು ಖರೀದಿದಾರರು ಕೇಳುತ್ತಿದ್ದರು, ನಮ್ಮದು 510ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಪಣಿಯೂರು ಮತ್ತು ಮಲ್ಲಿಸರ ಎಂಬ ಎರಡು ತಳಿಗಳನ್ನು ಬೆರೆಸಿ ಆ ತೂಕ ತಂದೆವು. ಬೆರಕೆಯ ಪ್ರಮಾಣವನ್ನು ಮಾತ್ರ ಇಲ್ಲಿ ಹೇಳಲಾರೆ. ನಡುವೆ ಹಳ್ಳದ ನೀರಿನಲ್ಲಿ ನೆನೆಹಾಕಿ ಬಿಳಿಮೆಣಸು ಮಾಡಲು ಹೋಗಿ, ಹತ್ತು ದಿನ ನೆರೆಮನೆಯವರಿಂದ ವಾಸನೆಯ ದೂರು ಕೇಳಿ ಕೈಬಿಟ್ಟದ್ದೂ ಉಂಟು.

ರಫ್ತು ಮಾಡಿದರೆ ಊರು ಬೆಳೆಯುತ್ತದೆ ಎಂಬ ಮಾತನ್ನು ನಾನು ನೋಟುಪುಸ್ತಕದಲ್ಲಿ ಪರೀಕ್ಷಿಸಿದೆ. ಆಗ ಊರ ದರ ಕಿಲೋಗೆ ಸುಮಾರು 480 ರೂಪಾಯಿ, ನಮಗೆ ಸಿಕ್ಕಿದ್ದು 650. ಹೆಚ್ಚುವರಿ 170ರಲ್ಲಿ ಉಗಿಯಿಂದ ಕ್ರಿಮಿನಾಶ ಮಾಡಿಸಲು, ಪರೀಕ್ಷೆಗೆ, ಲಾರಿ ಮತ್ತು ಬಂದರಿಗೆ 95 ಹೊರಟವು. ಕೇರುವ, ಆರಿಸುವ ಹೆಂಗಸರ ಕೂಲಿಗೆ 30, ಬೆಳೆಗಾರರಿಗೆ 45 ಉಳಿಯಿತು. ಅಂದರೆ ಹೆಚ್ಚು ಬಂದ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಊರಾಚೆಗೇ ಹೋಯಿತು. ಕ್ರಿಮಿನಾಶದ ಘಟಕ ಶಿರಸಿಯಲ್ಲೇ ಇದ್ದಿದ್ದರೆ ಈ ಲೆಕ್ಕ ಬೇರೆಯೇ ಆಗುತ್ತಿತ್ತು.

ವಿಯೆಟ್ನಾಂ 1986ರಲ್ಲಿ ಆರ್ಥಿಕ ಸುಧಾರಣೆಗೆ ಕೈಹಾಕಿ, ಹದಿನೈದಿಪ್ಪತ್ತು ವರ್ಷಗಳೊಳಗೆ ಮೆಣಸಿನ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ಅಲ್ಲಿಯ ಬೆಳೆಯ ಬಹುಪಾಲು ಹಡಗು ಹತ್ತಿದರೆ, ನಮ್ಮದು ಹೆಚ್ಚಾಗಿ ನಮ್ಮ ಅಡುಗೆಮನೆಗಳಿಗೇ ಸಾಲುತ್ತದೆ. ಆಮದಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆಯನ್ನು 2017ರ ಡಿಸೆಂಬರಿನಲ್ಲಿ ನಿಗದಿಪಡಿಸಿದ್ದು ಒಳಪೇಟೆಯ ಬೆಳೆಗಾರನ ರಕ್ಷಣೆಗೆ. ನಮ್ಮ ದರ ಹೊರಗಿನದಕ್ಕಿಂತ ಮೇಲಿರುವಾಗ ಸಾಧಾರಣ ಮೆಣಸನ್ನು ಹೊರಗೆ ಕೊಳ್ಳುವವರಿಲ್ಲ. ಗುಣಮಟ್ಟವೊಂದೇ ನಮ್ಮ ದಾರಿಯಾಯಿತು.

ಆ ಗುಣಮಟ್ಟದ ಫಲ ಊರಲ್ಲೂ ಕಂಡಿತು. ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಮಸಾಲೆ ವ್ಯಾಪಾರಿಯೊಬ್ಬರು ನಮ್ಮ ಚೀಲದ ಮೆಣಸನ್ನು ಕೈಯಲ್ಲಿ ಉಜ್ಜಿ ನೋಡಿ, 560 ಕೊಡುತ್ತೇನೆಂದರು. ಅವರಿಗೆ ಉಗಿಯೂ ಬೇಡ, ಬಂದರಿನ ಕಾಗದವೂ ಬೇಡ. ಕೂಲಿ ಕಳೆದು ಕಿಲೋಗೆ ಸುಮಾರು 50 ಹೆಚ್ಚು ಉಳಿಯುತ್ತದೆ. ಹೀಗಾಗಿ ಈ ವರ್ಷ ಜರ್ಮನಿಗೆ ಅರ್ಧದಷ್ಟನ್ನೇ ಕಳಿಸುತ್ತಿದ್ದೇವೆ.