ಎಲೆಕೋಸಿನ ವಜ್ರಬೆನ್ನಿನ ಪತಂಗಕ್ಕೆ ಸಾಸಿವೆ ಬಲೆ

ವಜ್ರಬೆನ್ನಿನ ಪತಂಗದ ಮರಿಹುಳುಗಳು ಕೋಸಿನ ಎಲೆ ತಿನ್ನುತ್ತವೆ. ಬೆಂಗಳೂರಿನ ಸುತ್ತ ಬಿಸಿಲೇರಿದಂತೆ ಈ ಪತಂಗದ ಒಂದು ಪೀಳಿಗೆ ಎರಡು-ಮೂರು ವಾರಕ್ಕೇ ಮುಗಿಯುತ್ತದೆ. ಒಂದೇ ಔಷಧಿ ಹೊಡೆಯುತ್ತಿದ್ದರೆ ಅದನ್ನು ತಡೆದುಕೊಂಡ ಹುಳುಗಳ ಸಂತಾನವೇ ಹೊಲ ತುಂಬುತ್ತದೆ. ಡೋಸ್ ಏರಿಸಿದರೆ ದುಡ್ಡು ದಂಡ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಉಪಾಯ ಅಗ್ಗದ್ದು: ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ನಾಟಿಗೆ 15 ದಿನ ಮುಂಚೆ, ಇನ್ನೊಂದನ್ನು ನಾಟಿಯಾದ 25ನೇ ದಿನ ಬಿತ್ತಿ. ಪತಂಗ ಹೆಚ್ಚಾಗಿ ಸಾಸಿವೆಯ ಮೇಲೇ ಮೊಟ್ಟೆಯಿಡುತ್ತದೆ. ಅಲ್ಲಿನ ಮರಿಹುಳುಗಳನ್ನು ಕೊಲ್ಲದೆ ಬಿಟ್ಟಿರೋ, ಬಲೆಯೇ ಹುಳುಗಳ ನರ್ಸರಿ!

ಕೋಸಿಗೆ ಬೇವಿನ ಕಷಾಯ: ಲೀಟರಿಗೆ 40 ಗ್ರಾಂ ಬೀಜದ ತಿರುಳಿನ ಪುಡಿ, ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ, ಸಂಜೆ ಎಲೆಯಡಿಗೂ ತಾಗುವಂತೆ ಸಿಂಪಡಿಸಿ. ರಾಸಾಯನಿಕ ಬೇಕೇಬೇಕಾದರೆ ಪೀಳಿಗೆಗೊಮ್ಮೆ ಔಷಧಿಯ ಗುಂಪನ್ನೇ ಬದಲಿಸಿ, ಅಂದರೆ ಹುಳುವನ್ನು ಬೇರೆ ರೀತಿಯಲ್ಲಿ ಕೊಲ್ಲುವ ಔಷಧಿ ಬಳಸಿ. ಬ್ರ್ಯಾಂಡ್ ಬದಲಿಸಿದರೆ ಸಾಲದು.