ಹಾವಿನ ಒಲೆ: ಡಬ್ಬದ ಕೆಳಗೆ ಹೀಟ್ ಟೇಪ್ ಹಾಕಿದ ನನ್ನ ಅನುಭವ

ಮೊದಲೇ ಹೇಳ್ಬಿಡ್ತೀನಿ, ನನ್ ಹತ್ರ ಇರೋದು ಮೂರು ಬಾಲ್ ಪೈಥಾನ್, ಆಫ್ರಿಕಾದ ಹಾವು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡ್ಸಿದೀನಿ. ತೋಟದಲ್ಲಿ ಸಿಗೋ ಹೆಬ್ಬಾವನ್ನೋ ಕೇರೆಹಾವನ್ನೋ ಹಿಡ್ಕೊಂಡ್ ಬಂದು ಸಾಕೋ ಯೋಚನೆ ಇದ್ರೆ ಬಿಟ್ಬಿಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ನಮ್ಮನೆ ಕೊಡಗಿನ ಗಾಳಿಬೀಡು ಕಡೆ. ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡೀತು ಅಂದ್ರೆ ಒಗೆದ ಬಟ್ಟೆನ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ಬೇಕು, ಹಾವಿನ ರೂಮಲ್ಲಿ 17-18 ಡಿಗ್ರಿ. ಬಾಲ್ ಪೈಥಾನ್‌ಗೆ ಅದು ಇರೋ ಡಬ್ಬದ ಒಂದು ಕಡೆ 31-32 ಡಿಗ್ರಿ ಬೇಕು, ಇನ್ನೊಂದು ಕಡೆ 25-26. ಮೊದಲನೇ ಮಳೆಗಾಲ ದೊಡ್ಡ ಹೆಣ್ಣು ಹಾವು ನುಂಗಿದ್ದ ಇಲಿನ ಮೂರನೇ ದಿನ ಹಾಗೇ ಕಕ್ಕಿಬಿಡ್ತು, ಆ ವಾಸನೆ ಕೇಳ್ಬೇಡಿ. ಮೈ ಬೆಚ್ಚಗಿಲ್ಲ ಅಂದ್ರೆ ಅದಕ್ಕೆ ಜೀರ್ಣ ಆಗಲ್ಲ, ಒಳಗೇ ಕೊಳೆಯೋಕೆ ಶುರುವಾಗುತ್ತೆ. ಬಲ್ಬ್ ಹಾಕೋಣ ಅಂದ್ರೆ ಪ್ಲಾಸ್ಟಿಕ್ ಡಬ್ಬ, ಮುಚ್ಚಳ ಕರಗುತ್ತೆ. ಹಂಗಾಗಿ ಹೀಟ್ ಟೇಪ್.

ಟೇಪ್ ಅಂದ್ರೆ ಅಂಟಿಸೋ ಟೇಪ್ ಅಲ್ಲ. ತೆಳು ಪ್ಲಾಸ್ಟಿಕ್ ಹಾಳೆ, ಎರಡು ಅಂಚಲ್ಲಿ ತಾಮ್ರದ ಪಟ್ಟಿ, ನಡುವೆ ಕಪ್ಪು ಕಾರ್ಬನ್ ಗೆರೆಗಳು. ಬೆಂಗಳೂರಿನ ಫ್ರೆಂಡ್ ಒಬ್ಬ ಉಳಿದಿದ್ದ ಐದು ಅಡಿ ತುಂಡು ಕೊಟ್ಟ, ಪ್ಲಗ್‌ಗೆ ಹಾಕೋಕೆ ಮುಂಚೆ ಹಾಗೇ ತಿರುಗಿಸಿ ನೋಡ್ತೀನಿ, ಹಿಂದೆ 110 ವೋಲ್ಟ್ ಅಂತ ಪ್ರಿಂಟ್ ಇದೆ! ಅಮೆರಿಕದ ಮಾಲು. ವೋಲ್ಟೇಜ್ ಎರಡರಷ್ಟಾದ್ರೆ ಶಾಖ ಎರಡರಷ್ಟಲ್ಲ, ನಾಲ್ಕರಷ್ಟು. ಅಡಿಗೆ 10 ವ್ಯಾಟ್ ಇರೋದು ನಮ್ಮ 230ಕ್ಕೆ ಸಿಕ್ಕಿಸಿದ್ರೆ 40 ದಾಟುತ್ತೆ. ಅದನ್ನ ಅವನಿಗೇ ವಾಪಸ್ ಕೊಟ್ಟು 230 ವೋಲ್ಟಿಂದು ತರಿಸ್ದೆ. ಇದೇ ಲೆಕ್ಕ ಉಲ್ಟಾನೂ ಆಗುತ್ತೆ, ಮಾರ್ಚಲ್ಲಿ ಹೂ ಮಳೆ ಬರ್ದೆ ಎಲ್ಲರೂ ಕಾಫಿಗೆ ನೀರು ಹಾರಿಸೋಕೆ ಮೋಟಾರ್ ಹಾಕಿದಾಗ ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಬೀಳುತ್ತೆ, ಆಗ ಟೇಪಿನ ಶಾಖ ಅರವತ್ತು ಪರ್ಸೆಂಟ್ ಅಷ್ಟೇ.

ಮರದ ಹಲಗೆ ಮೇಲೆ ನೇರ ಹಾಕ್ಲಿಲ್ಲ, ಬಚ್ಚಲಿಗೆ ತಂದು ಉಳಿದಿದ್ದ ಟೈಲ್ಸ್ ಹಾಸಿ ಅದರ ಮೇಲೆ ಟೇಪ್. ಡಬ್ಬದ ಹಿಂದಿನ ಮೂರನೇ ಒಂದು ಭಾಗದ ಕೆಳಗೆ ಮಾತ್ರ, ಹಾವಿಗೆ ಸೆಕೆ ಆದ್ರೆ ಮುಂದಕ್ಕೆ ಸರಿಯೋಕೆ ಜಾಗ ಇರ್ಬೇಕಲ್ಲ. ಡಬ್ಬ ಟೇಪಿನ ಮೇಲೆ ಒತ್ತಿ ಕೂರಬಾರದು, ನಾಲ್ಕು ಮೂಲೆಗೆ ರಬ್ಬರ್ ಬುಷ್ ಅಂಟಿಸಿ ಮೂರು ನಾಲ್ಕು ಮಿಲಿಮೀಟರ್ ಗಾಳಿ ಬಿಟ್ಟೆ. ಮಡಚೋ ಹಾಗಿಲ್ಲ, ಒಂದರ ಮೇಲೊಂದು ಹಾಕೋ ಹಾಗಿಲ್ಲ, ಕತ್ತರಿಸಿದ್ರೆ ಗೆರೆ ಇಲ್ಲದ ಖಾಲಿ ಜಾಗದಲ್ಲೇ. ವೈರನ್ನ ತಾಮ್ರದ ಪಟ್ಟಿಗೆ ಸೇರಿಸೋ ಕ್ಲಿಪ್ ಒತ್ತೋ ಕೆಲಸ ವೈರಿಂಗ್ ಮಾಡೋ ಅಣ್ಣನಿಗೆ ಬಿಟ್ಟೆ. ಅವರು ಕ್ಲಿಪ್ ಹಿಡಿದು ಜಗ್ಗಿ ನೋಡಿ, 'ಇದು ಲೂಸ್ ಇದ್ರೆ ಇಲ್ಲೇ ಕಿಡಿ ಹಾರೋದು ನೋಡು' ಅಂದು ಮತ್ತೆ ಒತ್ತಿದ್ರು, ಕತ್ತರಿಸಿದ ತುದಿಗೂ ಇನ್ಸುಲೇಷನ್ ಮುಚ್ಚಿದ್ರು. 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಕಟ್ ಮಾಡೋ ಸ್ವಿಚ್) ಬೇರೆ ಹಾಕಿಸ್ದೆ. ನಮ್ಮನೆ ಅಟ್ಟದ ಇಲಿಗಳು ವೈರ್ ಕಡಿಯೋದ್ರಲ್ಲಿ ಎತ್ತಿದ ಕೈ, ಹಾವು ಸಾಕಿರೋ ಮನೆಲೇ ಇಲಿ ಕಾಟ ಅಂತ ಅವ್ವ ನಗ್ತಾರೆ.

ಇನ್ನು ಥರ್ಮೋಸ್ಟಾಟ್, ಅಂದ್ರೆ ಸೆನ್ಸರ್ ತೋರಿಸೋ ಶಾಖ ನೋಡ್ಕೊಂಡು ಟೇಪಿನ ಕರೆಂಟ್ ಆನ್-ಆಫ್ ಮಾಡೋ ಸಾಧನ. ನಾನು ಎಡವಿದ್ದು ಇಲ್ಲೇ. ಸೆನ್ಸರ್ ವೈರನ್ನ ಡಬ್ಬದ ಒಳಗೆ ಹಾಕಿ, ಹಾವು ಇರೋ ಜಾಗದ ಟೆಂಪರೇಚರ್ ಅಲ್ವಾ ಬೇಕಾಗಿರೋದು ಅಂದ್ಕೊಂಡು 32ಕ್ಕೆ ಸೆಟ್ ಮಾಡಿ ಮಲಗ್ದೆ. ಬೆಳಿಗ್ಗೆ ನೋಡಿದ್ರೆ ಹಾವು ಸೆನ್ಸರನ್ನ ಎಳ್ಕೊಂಡು ಹೋಗಿ ಮುಂದೆ ಇರೋ ನೀರಿನ ಬಟ್ಟಲಿಗೆ ಬೀಳ್ಸಿದೆ. ಡಿಸ್‌ಪ್ಲೇಲಿ 21 ತೋರಿಸ್ತಿದೆ, ಆ ಥರ್ಮೋಸ್ಟಾಟಿಗೇನು ಗೊತ್ತು, ಇನ್ನೂ ಚಳಿ ಅಂತ ರಾತ್ರಿಯಿಡೀ ಫುಲ್ ಕರೆಂಟ್ ಬಿಟ್ಟಿದೆ. ಐಆರ್ ಗನ್ (ಮುಟ್ಟದೇ ಶಾಖ ಅಳೆಯೋದು) ಹಿಡಿದ್ರೆ ಹಿಂದಿನ ಕಡೆ ಡಬ್ಬದ ತಳ 47. ಪುಣ್ಯಕ್ಕೆ ಹಾವು ಮುಂದಿನ ಗೋಡೆಗೆ ಒತ್ಕೊಂಡು ಸುರುಳಿ ಸುತ್ತಿ ಕೂತಿತ್ತು, ಆದ್ರೂ ಹೊಟ್ಟೆ ಮೇಲಿನ ಎರಡು ಮೂರು ಹುರುಪೆ ಕೆಂಪಗಾಗಿತ್ತು. ಎಲ್ಲಾ ಹಾವೂ ಹೀಗೆ ಸರಿಯುತ್ತೆ ಅಂತಿಲ್ಲ, ಸುಡ್ತಿದ್ರೂ ಅಲ್ಲೇ ಬಿದ್ದಿರೋವೂ ಇದಾವೆ. ವೆಟ್ ಹತ್ರ ತೋರಿಸಿ, ಎರಡು ಸಲ ಪೊರೆ ಬಿಡೋ ತನಕ ಹಾಸೋಕೆ ಬರೀ ಪೇಪರ್.

ಈಗ ಸೆನ್ಸರ್ ಇರೋದು ಡಬ್ಬದ ಹೊರಗೆ, ಟೇಪಿನ ಮೈಗೇ ತಾಗಿ, ಶಾಖ ತಡೆಯೋ ಅಂಟು ಟೇಪ್ ಎರಡು ಸುತ್ತು ಹಾಕಿ, ವೈರನ್ನ ಹಲಗೆಗೂ ಕಟ್ಟಿದೀನಿ ಯಾರಾದ್ರೂ ಎಡವಿದ್ರೂ ಕಿತ್ಕೊಂಡು ಬರ್ಬಾರ್ದು ಅಂತ. ಪ್ಲಾಸ್ಟಿಕ್ ದಾಟೋಷ್ಟರಲ್ಲಿ ಶಾಖ ಸ್ವಲ್ಪ ಇಳಿಯುತ್ತೆ, ಅದಕ್ಕೆ ಥರ್ಮೋಸ್ಟಾಟ್ 35.5, ಒಳಗೆ ತಳ 32. ಈ ಲೆಕ್ಕ ನನ್ನ ಡಬ್ಬಕ್ಕೆ, ನಿಮ್ದು ನೀವೇ ಅಳೀಬೇಕು, ಅದೂ ತೆಂಗಿನ ನಾರಿನ ಪುಡಿ ಸರಿಸಿ ಬರೀ ತಳ ಅಳೀಬೇಕು, ಹಾವು ಪುಡಿ ಕೆದಕಿ ಕೆಳಗೇ ಹೋಗಿ ಮಲಗೋದು. ಜೊತೆಗೆ ಅದೇ ಲೈನಲ್ಲಿ ಒಂದರ ಹಿಂದೊಂದು ಬರೋ ಹಾಗೆ ಇನ್ನೊಂದು ಥರ್ಮೋಸ್ಟಾಟ್, ಅದರ ಸೆನ್ಸರ್ ಬೇರೆ, 38ಕ್ಕೆ ಕಟ್ ಆಗೋ ಹಾಗೆ. ಯಾಕಂದ್ರೆ ಮೊದಲನೇದರ ಒಳಗಿರೋ ರಿಲೇ (ಕರೆಂಟ್ ಆನ್-ಆಫ್ ಮಾಡೋ ಸ್ವಿಚ್) ಕೆಲವು ಸಲ ಅಂಟ್ಕೊಂಡು ಆನ್ ಆಗೇ ಉಳಿಯುತ್ತೆ, ಆಗ ಡಿಸ್‌ಪ್ಲೇ ಸರಿಯಾಗೇ ತೋರಿಸ್ತಿರುತ್ತೆ, ಟೇಪ್ ಮಾತ್ರ ಕಾಯ್ತಾನೇ ಇರುತ್ತೆ.

ಇನ್ನೊಂದು, ಟೇಪ್ ಹೊಟ್ಟೆ ಕಾಯಿಸುತ್ತೆ, ಗಾಳಿ ಕಾಯಿಸಲ್ಲ. ರೂಮು 17 ಇದ್ರೆ ತಂಪು ಕಡೆ 25 ಬರೋದೇ ಇಲ್ಲ, ಬರ್ಲಿ ಅಂತ ಟೇಪ್ ಏರಿಸಿದ್ರೆ ಹಾವು ಸುಡುತ್ತೆ. ನಾನು ಸ್ಟ್ಯಾಂಡನ್ನೇ ಬಚ್ಚಲು ಒಲೆ ಗೋಡೆ ಹಿಂದಿನ ರೂಮಿಗೆ ಸಾಗಿಸ್ದೆ, ಅಲ್ಲಿ 23ಕ್ಕಿಂತ ಕೆಳಗೆ ಇಳಿಯಲ್ಲ.

ಕರೆಂಟ್ ಹೋದ್ರೆ ಮೂರು ಡಬ್ಬಕ್ಕೆ ಒಟ್ಟು 50 ವ್ಯಾಟ್, ಇನ್ವರ್ಟರ್ ಆರಾಮಾಗಿ ರಾತ್ರಿ ತಳ್ಳುತ್ತೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಟ್ಟಾಗಿ ಮೂರು ದಿನ ಕರೆಂಟ್ ಇಲ್ದಾಗ ಮಾತ್ರ ಬಿಸಿನೀರಿನ ಬಾಟ್ಲಿಗೆ ಟವಲ್ ಸುತ್ತಿ ಡಬ್ಬದ ಪಕ್ಕ ಇಟ್ಟು, ಆ ವಾರ ಇಲಿ ಕೊಡ್ಲೇ ಇಲ್ಲ. ಸಿಡಿಲು ಇದ್ದ ದಿನ ಪ್ಲಗ್ ಕೀಳ್ತೀನಿ, ವಾಪಸ್ ಹಾಕಿದ್ಮೇಲೆ ಅರ್ಧ ಗಂಟೆ ಬಿಟ್ಟು ಗನ್ ಹಿಡಿದು ನೋಡ್ತೀನಿ. ಹಾವಿನ ರೂಮಿಗೆ ಕಾಲೇ ಇಡ್ತಿರ್ಲಿಲ್ಲ ಅವ್ವ, ಈಗ ಮಲಗೋಕೆ ಮುಂಚೆ ಬಾಗಿಲ ಹತ್ರ ನಿಂತು 'ಹಾವಿನ ಒಲೆ ಎಷ್ಟು ತೋರಿಸ್ತಿದೆ ಮಗ?' ಅಂತ ಕೇಳಿಯೇ ಹೋಗೋದು.